ಕಾಶವ್ವನ ಪ್ರಶ್ನೆಗೆ ನಕ್ಕ ಜಗತ್ತು

ಯಾವ ಮಾತಿಗೆ ನಗಬೇಕು, ಯಾವ ಮಾತಿಗೆ ನಗಬಾರದು ಎಂಬುದು ಈ ವಯಸ್ಸಿನಲ್ಲಿ ನನಗೆ ತಿಳಿಯದಂತಾಗಿದೆ. ಮೊದಲು ತಿಳಿಯುತ್ತಿತ್ತು. ಮದುವೆ ಮನೆಯಲ್ಲಿ ಬೀಗರು ಜಾರಿ ಬಿದ್ದರೆ ಅಲ್ಲಿ ನಗಬಾರದು, ಅಡಿಗೆ ಮನೆಗೆ ಹೋಗಿ ನಗಬೇಕು. ಗಂಡಸರು ತಮ್ಮ ಪ್ರತಾಪ ಹೇಳುವಾಗ ನಗಬಾರದು, ಹೇಳಿ ಮುಗಿಸಿದ ಮೇಲೂ ನಗಬಾರದು. ಸತ್ತವರ ಮನೆಯಲ್ಲಿ ನಗು ಬಂದುಬಿಟ್ಟರೆ ಸೆರಗನ್ನು ಬಾಯಿಗೆ ಒತ್ತಿಕೊಂಡರಾಯಿತು, ಭುಜ ಅಲುಗುವುದನ್ನು ನೋಡಿದವರು ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಇಷ್ಟು ಕಾನೂನು ಗೊತ್ತಿದ್ದರೆ ಒಬ್ಬ ಹೆಂಗಸಿನ ಬಾಳು ಸಾಗುತ್ತದೆ. ನನ್ನದೂ ಸಾಗಿತ್ತು, ನಮ್ಮ ಮನೆಯ ಮುಂದಿನ ಖೋಲಿಗೆ ಕಂಪ್ಯೂಟರು ಬರುವವರೆಗೆ.

ನಮ್ಮದು ಗಡಿಯಾಚೆಯ ಮರಾಠಿ ಸೀಮೆಯ ಊರು ಉಮರ್ಗಾದ ಪೇಟೆ ಓಣಿಯಲ್ಲಿರುವ ಮನೆ. ತಲೆಮಾರುಗಳಿಂದ ತೊಗರಿ, ಕಡಲೆ, ಉದ್ದಿನ ವ್ಯಾಪಾರ. ಒಂದು ಕಡೆ ಚೀಲಗಳ ದುಕಾನು, ಅದಕ್ಕೆ ಅಂಟಿಕೊಂಡೇ ಇನ್ನೊಂದು ಖೋಲಿ. ಆ ಖೋಲಿಯಲ್ಲಿ ಮೊದಲು ಖಾಲಿ ಚೀಲಗಳೂ ಇಲಿಗಳೂ ಇದ್ದವು. ನನ್ನ ಮಗ ಸಿದ್ರಾಮ ಎರಡನ್ನೂ ಹೊರಗೆ ಹಾಕಿ ಕಂಪ್ಯೂಟರು ತಂದು ಇಟ್ಟ. ಊರಿನ ಹುಡುಗರಿಗೆ ಕಲಿಸುತ್ತೇನೆ ಎಂದ. ಹುಡುಗರು ಬಂದರು, ಕಲಿತರು, ಹೋದರು. ಆದರೆ ಸಂಜೆ ದುಕಾನು ಮುಚ್ಚಿದ ಮೇಲೆ ಬಂದು ಕೂಡುತ್ತಿದ್ದವರು ಹುಡುಗರಲ್ಲ, ತಲೆ ನರೆತವರು. ಒಬ್ಬರು ನಮ್ಮ ರೇವಣಯ್ಯನವರು. ಓಣಿಯ ಮನೆಗಳಿಗೆಲ್ಲ ಪೂಜೆ, ಲಗ್ನ ಮಾಡಿಸುವ ಅಯ್ಯನವರು. ಕೂತರೆ ಹಗ್ಗದ ಮಂಚ ಕಿರುಗುಟ್ಟುವಂಥ ಆಳು. ಜಾತಕ ಕೂಡಿಸಲು ಕಂಪ್ಯೂಟರು ಕಲಿಯಲು ಬಂದವರು, ಕಲಿತ ಮೇಲೂ ಎದ್ದು ಹೋಗಲಿಲ್ಲ. ಇನ್ನೊಬ್ಬರು ಮರಾಠಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಗುರೂಜಿ. ಅವರ ಕನ್ನಡಕ್ಕೆ ಅರ್ಧ ಮರಾಠಿ ಬೆರೆತಿರುತ್ತದೆ, ಮರಾಠಿಗೆ ಅರ್ಧ ಇಂಗ್ಲಿಷು. ಸಿದ್ರಾಮನೂ ಸೇರಿ ಈ ಮೂವರಿಗೆ ನಾನು ಇಟ್ಟ ಹೆಸರು ಮಂಡಳಿ.

ಮಂಡಳಿಯ ಕೆಲಸ ಇಷ್ಟೇ. ಸಿದ್ರಾಮ ಜಗತ್ತಿನ ಎಲ್ಲೆಲ್ಲಿಂದಲೋ ಬಂದ ವಿಜ್ಞಾನದ ಸುದ್ದಿಗಳನ್ನು ಒಂದೊಂದಾಗಿ ಓದುವುದು. ಓದಿದ ಕೂಡಲೇ ಉಳಿದಿಬ್ಬರು ಅದಕ್ಕೆ ಏನಾದರೊಂದು ಚೇಷ್ಟೆಯ ಮಾತು ಹೇಳುವುದು. ಯಾರ ಮಾತಿಗೆ ಹೆಚ್ಚು ನಗು ಬಂತೋ ಅದನ್ನು ಸಿದ್ರಾಮ ಸುದ್ದಿಯ ಕೆಳಗೆ ಟೈಪು ಮಾಡುವುದು. ಇವರಷ್ಟೇ ಅಲ್ಲ. ಎಲ್ಲ ದೇಶದವರೂ ಅಲ್ಲಿ ಬಂದು ತಮ್ಮ ತಮ್ಮ ಚೇಷ್ಟೆ ಬರೆದು ಹೋಗುತ್ತಾರಂತೆ. ನಾನು ಒಂದು ಸಲ ಇಣುಕಿ ನೋಡಿದೆ. ಸುದ್ದಿ ಗೇಣುದ್ದ, ಅದರ ಕೆಳಗೆ ನಗುವವರ ಸಾಲು ಮಾರುದ್ದ.

ನಾನು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತ ಇದನ್ನೆಲ್ಲ ಕೇಳುತ್ತಿದ್ದೆ. ತವರಿನಲ್ಲಿ ನಾನು ಕನ್ನಡ ಶಾಲೆಯ ಎರಡನೆಯ ಇಯತ್ತೆ ದಾಟಿಲ್ಲ. ಅಕ್ಷರ ಕೂಡಿಸಿ ಓದುತ್ತೇನೆ, ಕೂಡದಿದ್ದರೆ ಬಿಡುತ್ತೇನೆ. ಆದ್ದರಿಂದ ಸುದ್ದಿ ತಿಳಿಯದಿದ್ದರೆ ನನಗೆ ಅಡ್ಡಿಯಿಲ್ಲ. ನನಗೆ ತಿಳಿಯದೆ ಹೋದದ್ದು ಅವರ ನಗು. ಖರೆ ಸುದ್ದಿಗೂ ಸುಳ್ಳು ಸುದ್ದಿಗೂ ಅವರು ನಗುವ ರೀತಿ ಒಂದೇ. ಆಕಳು ತೇಗಿದರೆ ಭೂಮಿ ಬಿಸಿಯಾಗುತ್ತದೆ ಎಂದು ಓದಿದಾಗ ನಕ್ಕರು. ಅದು ಚೇಷ್ಟೆ ಇರಬೇಕೆಂದು ನಾನೂ ನಕ್ಕೆ. ಗುರೂಜಿ ಕೂಡಲೇ ಗಂಭೀರರಾಗಿ, “ಖರೇ ಅದ ಬಾಯಿ, ಹಸಬ್ಯಾಡ್ರಿ,” ಎಂದು ತಮ್ಮ ಅರ್ಧ ಮರಾಠಿಯಲ್ಲಿ ನಗಬೇಡವೆಂದರು. ತೊಗರಿ ಕಾಳಿನಷ್ಟು ಸಣ್ಣ ಕಂಪ್ಯೂಟರು ಮಾಡಿದ್ದಾರೆ ಎಂದು ಓದಿದಾಗ ನಾನು ಗಂಭೀರವಾಗಿ, “ನಮ್ಮ ದುಕಾನದಾಗ ತರಬ್ಯಾಡೋ, ಬೇಳಿಯಾಗ ಬಿದ್ದರ ಯಾರು ಆರಸಬೇಕು?” ಎಂದೆ. ಆಗ ಮೂವರೂ ಬಿದ್ದು ಬಿದ್ದು ನಕ್ಕರು. ನಾನು ಚೇಷ್ಟೆ ಮಾಡಿರಲಿಲ್ಲ. ಬೇಳೆಯಲ್ಲಿ ಬಿದ್ದ ಕಲ್ಲು ಆರಿಸುವುದೇ ನನ್ನ ಕೆಲಸ.

ಇನ್ನೊಂದು ಸಂಜೆ, ಒಂದು ಗ್ರಹವನ್ನು ಗ್ರಹಗಳ ಪಂಗಡದಿಂದ ತೆಗೆದುಹಾಕಿದರೆಂದು ಸುದ್ದಿ. ದೊಡ್ಡ ದೊಡ್ಡ ವಿಜ್ಞಾನಿಗಳು ಸಭೆ ಸೇರಿ ಕೈ ಎತ್ತಿ ತೀರ್ಮಾನ ಮಾಡಿದರಂತೆ. ನಾನು ಮೊರ ಕೆಳಗಿಟ್ಟೆ. ನಾಲ್ಕು ಮಂದಿ ಕೂತು ಒಬ್ಬನನ್ನು ಪಂಗಡದಿಂದ ಹೊರಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡವಳು. ಅಂಥವನ ಮನೆಗೆ ಯಾರೂ ನೀರು ಕುಡಿಯಲೂ ಹೋಗುವುದಿಲ್ಲ.

“ಏನ್ ತಪ್ಪು ಮಾಡಿತ್ತಪ್ಪ ಅದು?” ಎಂದೆ.

“ತಪ್ಪೇನಿಲ್ಲವ್ವ, ಸಣ್ಣದದ ಅಂತ,” ಎಂದ ಸಿದ್ರಾಮ.

“ಸಣ್ಣದದ ಅಂದ್ರ ಹೊರಗ ಹಾಕೂದೇನು? ಅದಕ ಯಾರರೇ ಹೇಳಿ ಕಳಿಸ್ಯಾರೋ ಇಲ್ಲೋ?”

ಮತ್ತೆ ನಗು. ರೇವಣಯ್ಯನವರು ಕಣ್ಣೊರೆಸಿಕೊಂಡು, “ಚಿಂತಿ ಮಾಡಬ್ಯಾಡ್ರಿ ಅವ್ವಾರ. ನಮ್ಮ ನವಗ್ರಹದಾಗ ಅದು ಮೊದಲಿಂದಲೂ ಇಲ್ಲ. ನಮ್ಮ ಧಂದಾಕ್ಕ ಏನೂ ಧಕ್ಕಿ ಇಲ್ಲ,” ಎಂದರು. ಅದನ್ನೂ ಟೈಪು ಮಾಡಿದರು. ಅದಕ್ಕೂ ಯಾವ್ಯಾವುದೋ ದೇಶದವರು ನಕ್ಕರಂತೆ. ನವಗ್ರಹ ಎಂದರೆ ಏನೆಂದು ಅವರಿಗೆ ಯಾರು ಹೇಳಿದರು, ಹೇಳದೆ ಹೇಗೆ ನಕ್ಕರು, ನನಗೆ ಇನ್ನೂ ತಿಳಿದಿಲ್ಲ.

ಇಷ್ಟೇ ಆಗಿದ್ದರೆ ಹೇಳುವ ಕಾರಣವಿರಲಿಲ್ಲ. ನಡುವೆ ಕಾಶವ್ವ ಬಂದಳು.

ಕಾಶವ್ವ ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಮೈದುನ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಆಕೆಯ ತವರು ಮಾಕಣಿಯ ಕಡೆ. ನಮ್ಮ ಕಡೆಯ ಊರೂರನ್ನೇ ಕೆಡವಿದ ಆ ದೊಡ್ಡ ಭೂಕಂಪವಾದ ನಸುಕಿನಲ್ಲಿ ಆಕೆ ತವರಿನಲ್ಲಿದ್ದಳು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಆಕೆಯನ್ನು ಎಳೆದು ಹೊರಗೆ ತೆಗೆದರು, ಉಳಿದವರನ್ನು ತೆಗೆಯುವ ಹೊತ್ತಿಗೆ ತೆಗೆದು ಏನೂ ಆಗುವಂತಿರಲಿಲ್ಲ. ಅದನ್ನು ನಾನು ಬಿಡಿಸಿ ಹೇಳುವುದಿಲ್ಲ, ಆಕೆಯೂ ಬಿಡಿಸಿ ಹೇಳಿದವಳಲ್ಲ. ನಮ್ಮ ಮನೆಗೆ ಬಂದವಳು ಮನೆಯೊಳಗೆ ಬರಲಿಲ್ಲ. ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿಸಿಕೊಂಡಳು. ಆಗ ಊರಿನ ಅರ್ಧ ಮಂದಿ ತಗಡಿನ ಕೆಳಗೇ ಇದ್ದರು, ಯಾರಿಗೂ ವಿಶೇಷ ಅನಿಸಲಿಲ್ಲ. ಆಮೇಲೆ ಒಬ್ಬೊಬ್ಬರೇ ಮನೆಯೊಳಗೆ ಹೋದರು. ಕಾಶವ್ವ ಹೋಗಲಿಲ್ಲ. ಅಲ್ಲೇ ಅಡಿಗೆ, ಅಲ್ಲೇ ಪೂಜೆ, ಅಲ್ಲೇ ನಿದ್ದೆ. ಹಬ್ಬಕ್ಕೆ ಕರೆದರೂ ಹೊಸ್ತಿಲ ಆಚೆ ನಿಂತು ಹೋಳಿಗೆ ತೆಗೆದುಕೊಂಡು ಹೋಗುವಳು.

ನಾನು ಆಕೆಗೆ ತಿಳಿಸಿ ಹೇಳಿದೆ ಎಂದುಕೊಳ್ಳಬೇಡಿ. ನಾನು ಬೈದೆ. ಹಿಂದಿನ ಖೋಲಿಯನ್ನು ಸಿದ್ರಾಮ ಕಬ್ಬಿಣ, ಸಿಮೆಂಟು ಹಾಕಿ ಹೊಸದಾಗಿ ಕಟ್ಟಿಸಿದ. ಇಂಜಿನಿಯರು ಬಂದು ಗೋಡೆ ತಟ್ಟಿ ನೋಡಿ, ಇದು ಅಲುಗುವುದಿಲ್ಲ ಎಂದ. ಕಾಶವ್ವ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ನಮ್ಮ ಅಪ್ಪನೂ ಹಿಂಗೇ ತಟ್ಟಿ ಹೇಳತಿದ್ದ,” ಎಂದಳು. ಇಂಜಿನಿಯರು ಚಹಾ ಕುಡಿಯದೆ ಹೋದ.

ಆದರೆ ತಗಡು ಎಂದರೆ ಬೇಸಿಗೆಯಲ್ಲಿ ರೊಟ್ಟಿ ಬೇಯಿಸುವ ಹಂಚು. ಹೋದ ಬೇಸಿಗೆಯಲ್ಲಿ ಆಕೆ ಮಧ್ಯಾಹ್ನ ಶೆಡ್ಡಿನಲ್ಲಿ ಬಿದ್ದಳು, ಮಾತು ತಪ್ಪಿತ್ತು. ಸೋಲಾಪುರದವರೆಗೆ ಒಯ್ದು ಉಳಿಸಿಕೊಂಡೆವು. ಡಾಕ್ಟರು ಸುತ್ತುಬಳಸಿ ಮಾತಾಡುವವನಲ್ಲ. ಬರುವ ಬೇಸಿಗೆಯನ್ನೂ ಈಕೆ ತಗಡಿನ ಕೆಳಗೆ ಕಳೆದರೆ ಮತ್ತೆ ತನ್ನ ಹತ್ತಿರ ತರುವ ಕೆಲಸ ಬೀಳುವುದಿಲ್ಲ ಎಂದ. ಶಿವರಾತ್ರಿ ಕಳೆಯಿತು, ಬಿಸಿಲು ಏರತೊಡಗಿತು. ಕಾಶವ್ವ ಶೆಡ್ಡಿನಲ್ಲೇ ಇದ್ದಳು. ನನಗೆ ಬೈಗುಳ ಮುಗಿಯುತ್ತ ಬಂದಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಸಿದ್ರಾಮ ಓದಿದ ಸುದ್ದಿ: ಮಡಚುವ ಕಂಪ್ಯೂಟರಿನ ಹೊಟ್ಟೆಯಲ್ಲಿ ಅಲುಗಾಟ ತಿಳಿಯುವ ಒಂದು ಸಣ್ಣ ಸಾಮಾನು ಇರುತ್ತದಂತೆ. ಮನೆ ಮನೆಯ ಕಂಪ್ಯೂಟರುಗಳನ್ನು ತಂತಿಯಲ್ಲಿ ಕೂಡಿಸಿದರೆ ಎಲ್ಲವೂ ಸೇರಿ ಭೂಕಂಪವನ್ನು ಹಿಡಿಯಬಹುದು ಎಂದು ಯಾವುದೋ ದೇಶದ ವಿಜ್ಞಾನಿಗಳು ಹೇಳಿದ್ದಾರಂತೆ. ಬೇಕಾದವರು ಇದರಲ್ಲಿ ಸೇರಬಹುದಂತೆ.

ಮಂಡಳಿ ಎಂದಿನಂತೆ ನಕ್ಕಿತು. “ನಮ್ಮ ಹಮಾಲ ಚೀಲ ಒಗದ್ರ ಅಮೆರಿಕಾದಾಗ ಮಂದಿ ಮನಿ ಬಿಟ್ಟು ಓಡ್ತಾರ,” ಎಂದರು ರೇವಣಯ್ಯನವರು. “ಆಣಿ ನೀವು ಖುರ್ಚಿ ಮ್ಯಾಲ ಕೂತ್ರ ಸುನಾಮಿ,” ಎಂದರು ಗುರೂಜಿ. ಮಜ್ಜಿಗೆ ಒಯ್ಯಲು ಬಂದು ಅಂಗಳದಲ್ಲಿ ನಿಂತಿದ್ದ ಕಾಶವ್ವ ಕಿಟಕಿಯ ಸರಳು ಹಿಡಿದುಕೊಂಡಳು. ಆಕೆ ನಗಲಿಲ್ಲ.

“ಸಿದ್ರಾಮ, ಅದು ಖರೇನು?”

“ಖರೇ ಅದ ಕಾಕು,” ಎಂದ ಸಿದ್ರಾಮ ಚಿಕ್ಕಮ್ಮನಿಗೆ.

“ನಿಮ್ಮ ಮನಿಯಾಗ ಇಡಲಾಕ ಬರ್ತದೇನು?”

“ಬರ್ತದ.”

ಕಾಶವ್ವ ಸರಳು ಬಿಡಲಿಲ್ಲ. “ಅದು ಹೇಳ್ತೀನಿ ಅಂದ್ರ ನಾ ಒಳಗ ಬರ್ತೀನಿ,” ಎಂದಳು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಇಂಜಿನಿಯರು ಹೇಳಿದರೆ ಇಲ್ಲ, ಡಾಕ್ಟರು ಹೇಳಿದರೆ ಇಲ್ಲ, ನಾನು ಬೈದರಂತೂ ಇಲ್ಲವೇ ಇಲ್ಲ, ಒಂದು ಡಬ್ಬಿ ಹೇಳಿದರೆ ಹೌದು. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಿಸಿಲು ಏರಿತ್ತು.

ಸಿದ್ರಾಮ ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟ ಮಡಚುವ ಕಂಪ್ಯೂಟರು ತರಿಸಿದ. ಅದರ ಬ್ಯಾಟರಿ ಸತ್ತಿತ್ತು, ಗೋಡೆಯ ಕರೆಂಟಿನ ಮೇಲೆ ಬದುಕಿತ್ತು. ಅಲುಗಾಟ ಹಿಡಿದರೆ ಕೂಗಬೇಕೆಂದು ಅದರಲ್ಲಿ ಏನೋ ಕೂಡಿಸಿದ. ಇಡುವುದಕ್ಕೆ ರೇವಣಯ್ಯನವರು ಮುಹೂರ್ತ ನೋಡಿ ಅದಕ್ಕೆ ವಿಭೂತಿ ಹಚ್ಚಿದರು. ಮುಂದಿನ ಖೋಲಿಯ ಮೇಜಿನ ಮೇಲೆ ಇಟ್ಟೆವು. ಕಾಶವ್ವ ಬಂದು ಹಿಂದಿನ ಖೋಲಿಯಲ್ಲಿ ಚಾಪೆ ಹಾಸಿ, ಬಾಗಿಲಿಗೆ ಮುಖ ಮಾಡಿ ಕೂತಳು. ಆಕೆ ನಮ್ಮ ಛಾವಣಿಯ ಕೆಳಗೆ ಕೂತದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನಾನು ಏನೂ ಆಗದವಳಂತೆ ಬೇಳೆ ಹಸನು ಮಾಡಿದೆ.

ಹೊತ್ತು ಏರುವುದರೊಳಗೆ ಡಬ್ಬಿ ಕೂಗಿತು.

ಕೂಗು ಎಂದರೆ ಕುಕ್ಕರಿನ ಸೀಟಿಗೂ ಬಾಣಂತಿ ಮನೆಯ ಕೂಸಿಗೂ ನಡುವಿನ ಒಂದು ದನಿ. ನಾನು ಎದ್ದು ನಿಲ್ಲುವ ಮೊದಲೇ ಕಾಶವ್ವ ಅಂಗಳ ದಾಟಿ ಓಣಿಯಲ್ಲಿದ್ದಳು. ಮೊಣಕಾಲು ನೋವೆಂದು ಕೂಡಲಿಕ್ಕೂ ಏಳಲಿಕ್ಕೂ ನರಳುವವಳು. ಆಕೆಯ ಹಿಂದೆ ನಾವು, ನಮ್ಮ ಹಿಂದೆ ಪಕ್ಕದ ಮನೆಯವರು. ನಮ್ಮ ಕಡೆಯ ಮಂದಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಬ್ಬ ಓಡಿದರೆ ಓಣಿ ಓಡುತ್ತದೆ, ಆಮೇಲೆ ಯಾಕೆ ಎಂದು ಕೇಳುತ್ತದೆ. ಎಲ್ಲರೂ ಹೊರಗೆ ನಿಂತು ತಮ್ಮ ತಮ್ಮ ಗೋಡೆ ನೋಡಿದರು. ಯಾರೋ ಚಹಾ ತಂದರು.

ಈಗ ನಮ್ಮ ಊರುಗಳ ಒಂದು ಪದ್ಧತಿ ಹೇಳಬೇಕು. ನೆಲ ಅಲುಗಿದಂತಾದರೆ ನಾವು ಮೊದಲು ಓಡುತ್ತೇವೆ, ಆಮೇಲೆ ಬೀಗರಿಗೆ ಫೋನು ಹಚ್ಚುತ್ತೇವೆ. ನಾನು ನಿಲಂಗಾದಲ್ಲಿರುವ ಮಗಳಿಗೆ ಹಚ್ಚಿ, “ನಿಮ್ಮ ಕಡೀನೂ ಆಯ್ತೇನು?” ಎಂದೆ. ಆಕೆ ಗಾಬರಿಯಾಗಿ ಉದಗೀರದಲ್ಲಿರುವ ತನ್ನ ನಾದಿನಿಗೆ ಹಚ್ಚಿದಳು. ನಾದಿನಿಯ ಗಂಡನದು ದಾಲ್ ಮಿಲ್ಲು. ಅವನು ತನಗೆ ಜಾತಕ ನೋಡುವ ನಮ್ಮ ರೇವಣಯ್ಯನವರಿಗೇ ಹಚ್ಚಿ, “ಭೂಕಂಪ ಆಯ್ತಂತಲ್ರೀ ಅಯ್ಯನವರ, ನಮ್ಮ ಮಿಲ್ಲಿನ ಗ್ವಾಡಿನೂ ಥರಥರ ಅಂದಂಗಾಯ್ತು,” ಎಂದ. ರೇವಣಯ್ಯನವರು ಫೋನು ಎತ್ತಿ ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದರು, “ಉದಗೀರದಾಗೂ ಆಗ್ಯಾದ!”

ಮಂಡಳಿಗೆ ಹಬ್ಬವಾಯಿತು. ಇಡೀ ಊರಿನಲ್ಲಿ ಯಾರಿಗೂ ತಿಳಿಯದ ಭೂಕಂಪ ನಮ್ಮ ಡಬ್ಬಿಗೆ ತಿಳಿದಿದೆ! ಗುರೂಜಿ ಗೋಡೆಯ ನಕ್ಷೆಯಲ್ಲಿ ಉಮರ್ಗಾದಿಂದ ನಿಲಂಗಾಕ್ಕೆ, ನಿಲಂಗಾದಿಂದ ಉದಗೀರಕ್ಕೆ ಗೆರೆ ಎಳೆದು, ಅಲೆ ಹೀಗೆ ಹೋಗಿದೆ ಎಂದು ತೋರಿಸಿದರು. ಅದು ನನ್ನ ಫೋನು ಹೋದ ದಾರಿ. ಆದರೆ ಆಗ ನನಗೂ ಹೊಳೆಯಲಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದರೆ ಯಾವುದೂ ಖರೆ ಕಾಣುತ್ತದೆ. ಮಧ್ಯಾಹ್ನ ಗುಂಜೋಟಿಯಿಂದ ಬಂದವರು ಅಲ್ಲಿಯೂ ಮಂದಿ ಹೊರಗೆ ನಿಂತಿದ್ದಾರೆ ಎಂದರು. ಕಾಸಾರಶಿರಸಿಯಿಂದ ಬಂದ ಬಸ್ಸಿನವರು ಉಮರ್ಗಾದಲ್ಲಿ ಒಂದು ಗೋಡೆ ಬಿದ್ದಿದೆಯಂತೆ ಎಂದು ನಮಗೇ ತಿಳಿಸಿದರು. ಸಿದ್ರಾಮ ಎಲ್ಲವನ್ನೂ ಟೈಪು ಮಾಡಿ ವಿಜ್ಞಾನಿಗಳಿಗೆ ಕಳಿಸಿದ. ವಿಜ್ಞಾನಿಗಳ ಕಡೆಯಿಂದ, ನಿಮ್ಮ ಭಾಗದಲ್ಲಿ ಏನೂ ಆಗಿಲ್ಲ ಎಂದು ಒಣ ಉತ್ತರ ಬಂತು. “ಅವರಿಗಿನ್ನಾ ಗೊತ್ತಾಗಿಲ್ಲ,” ಎಂದರು ರೇವಣಯ್ಯನವರು.

ಮರುದಿನ ಡಬ್ಬಿ ಮತ್ತೆ ಕೂಗಿದಾಗ ನಮ್ಮ ಹಮಾಲ ಲಾರಿಯಿಂದ ತೊಗರಿ ಚೀಲ ಇಳಿಸುತ್ತಿದ್ದ. ಒಂದು ಚೀಲ ಒಗೆದ, ಡಬ್ಬಿ ಕೂಗಿತು. ಇನ್ನೊಂದು ಒಗೆದ, ಇನ್ನೊಮ್ಮೆ ಕೂಗಿತು. ಮೂರನೆಯದನ್ನು ಬೆನ್ನ ಮೇಲೆ ಇಟ್ಟುಕೊಂಡೇ ನಿಂತು, “ಸಾವಕಾರ, ಒಗೀಲೋ ಬ್ಯಾಡೋ?” ಎಂದ.

ನಾನು ಮಂಡಳಿಯ ಮುಖ ನೋಡಿದೆ. ಈಗಲಾದರೂ ನಗುತ್ತಾರೆ ಎಂದುಕೊಂಡೆ, ಏಕೆಂದರೆ ಇದಕ್ಕೆ ನಗಬೇಕು ಎಂದು ನನಗೂ ಅನಿಸಿತ್ತು. ಯಾರೂ ನಗಲಿಲ್ಲ. ಗುರೂಜಿ ನಕ್ಷೆಯ ಮೇಲಿನ ಗೆರೆಯನ್ನು ರಬ್ಬರಿನಿಂದ ಒರೆಸಿದರು.

ಡಬ್ಬಿಯನ್ನು ಎತ್ತಿ ದೇವರ ಮನೆಯಲ್ಲಿ ಇಟ್ಟೆವು. ರೇವಣಯ್ಯನವರು ಪೂಜೆಗೆ ಮಣೆಯ ಮೇಲೆ ಕೂತರು, ಅದು ಕೂಗಿತು. ಅಡಿಗೆ ಮನೆಯ ಮೂಲೆಗೆ ಒಯ್ದೆವು, ನಾನು ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟಿದೆ, ಅದು ಕೂಗಿತು. ಕೊನೆಗೆ ಕಾಶವ್ವನ ಖೋಲಿಯಲ್ಲೇ ಗೋಡೆಯ ಗೂಡಿನಲ್ಲಿ, ಮಡಚಿದ ಕೌದಿಯ ಮೇಲೆ ಇಟ್ಟಾಗ ಸುಮ್ಮನಾಯಿತು. ಪ್ರತಿ ಕೂಗಿಗೂ ಕಾಶವ್ವ ಓಣಿಗೆ ಓಡಿದ್ದಳು, ಪ್ರತಿ ಸಲವೂ ತಿರುಗಿ ಬಂದಿದ್ದಳು. ಅದನ್ನು ನಾನು ಗಮನಿಸಿದೆ. ಓಡುವುದನ್ನು ಎಲ್ಲರೂ ನೋಡುತ್ತಾರೆ.

ಪುರಾಣದಲ್ಲಿ ಭೂಮಿಯನ್ನು ಶೇಷ ಹೊತ್ತಿದ್ದಾನೆ, ಹೆಡೆ ಬದಲಿಸಿದಾಗ ನೆಲ ಅಲುಗುತ್ತದೆ ಎಂದು ಮಠದಲ್ಲಿ ಕೇಳಿದ್ದೇನೆ. ಗುರೂಜಿ, ಅದೆಲ್ಲ ಸುಳ್ಳು, ನೆಲದಡಿ ದೊಡ್ಡ ದೊಡ್ಡ ಹಾಸುಗಲ್ಲುಗಳಿವೆ, ಅವು ಒಂದನ್ನೊಂದು ನೂಕುತ್ತವೆ ಎನ್ನುತ್ತಾರೆ. ನನಗೆ ಎರಡರಲ್ಲಿ ದೊಡ್ಡ ಫರಕು ಕಾಣಲಿಲ್ಲ. ಕೆಳಗಿರುವುದು ಯಾವುದೇ ಇರಲಿ, ಅದಕ್ಕೆ ಸುಮ್ಮನೆ ಕೂಡುವ ರೂಢಿಯಿಲ್ಲ. ಶೇಷನಾದರೆ ಒಂದು ಅನುಕೂಲ, ಕೈಮುಗಿಯಲಿಕ್ಕೆ ಬರುತ್ತದೆ. ಹಾಸುಗಲ್ಲಿಗೆ ಏನು ಹೇಳುವುದು?

ಇಷ್ಟರಲ್ಲಿ ಬೇಸಿಗೆಯ ಲೋಡ್ ಶೆಡ್ಡಿಂಗು ಶುರುವಾಯಿತು. ಕರೆಂಟು ಹೋದರೆ ತಾಸುಗಟ್ಟಲೆ ಇಲ್ಲ. ಮೊದಲ ದಿನ ಕರೆಂಟು ಹೋದ ಕೂಡಲೇ ಡಬ್ಬಿ ಕಣ್ಣು ಮುಚ್ಚಿತು. ಕಾಶವ್ವ ಎದ್ದು ಅದರ ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದಳು. ಆಮೇಲೆ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ತಗಡಿನ ಶೆಡ್ಡಿಗೆ ನಡೆದಳು. ಹೊರಗೆ ಕಾಗೆಯೂ ಕೂಗದಂಥ ಬಿಸಿಲು.

ನಾನು ಹಿಂದೆ ಹೋಗಿ ಬಾಯಿಗೆ ಬಂದದ್ದು ಬೈದೆ. ಆಕೆ ತಲೆ ಎತ್ತಲಿಲ್ಲ. ಬೆವರು ಹರಿದು ಕುಪ್ಪಸ ಮೈಗೆ ಅಂಟಿತ್ತು, ತುಟಿ ಒಣಗಿತ್ತು. ನನಗೆ ಸೋಲಾಪುರದ ಡಾಕ್ಟರು ನೆನಪಾದ. ಬೈಯುವುದನ್ನು ನಿಲ್ಲಿಸಿ ಒದ್ದೆ ಅರಿವೆ ತಂದು ಆಕೆಯ ತಲೆಯ ಮೇಲೆ ಹಾಕಿದೆ. ಆಗ ಆಕೆ ಕೇಳಿದಳು:

“ಅಕ್ಕ, ಕರೆಂಟ್ ಹೋದಾಗ ಭೂಮಿ ಅಲುಗಿದ್ರ ಯಾರು ಹೇಳಬೇಕು?”

ಸಂಜೆ ನಾನು ಈ ಪ್ರಶ್ನೆಯನ್ನು ಮಂಡಳಿಯ ಮುಂದೆ ಇಟ್ಟೆ. ಮೂವರೂ ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು. ಕೊನೆಗೆ ಸಿದ್ರಾಮ ತಾನು ಯಾವಾಗಲೂ ಮಾಡುವ ಕೆಲಸವನ್ನೇ ಮಾಡಿದ. ಆ ಸುದ್ದಿಯ ಕೆಳಗೆ, ನಮ್ಮ ಕಾಕು ಹೀಗೆ ಕೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಬಿಟ್ಟ.

ಮರುಸಂಜೆ ಕಾಶವ್ವನೂ ಅಂಗಳದಲ್ಲಿ ಬಂದು ಕೂತಳು, ಉತ್ತರ ಕೇಳಲಿಕ್ಕೆ. ಸಿದ್ರಾಮ ಕಂಪ್ಯೂಟರು ತೆರೆದು ತನ್ನಷ್ಟಕ್ಕೆ ತಾನೇ ಓದಿಕೊಂಡ.

“ಓದೋ,” ಎಂದೆ.

“ಭಾಳ ಮಂದಿ ಬರದಾರವ್ವ. ಎಲ್ಲಾರೂ ನಕ್ಕಾರ.”

“ಯಾಕ?”

“ಚೇಷ್ಟಿ ಅಂತ ತಿಳಕೊಂಡಾರ.”

ಓದಿಸಿದೆ. ಒಬ್ಬ, ಕತ್ತಲಲ್ಲಿ ಭೂಕಂಪಕ್ಕೂ ದಾರಿ ಕಾಣುವುದಿಲ್ಲ, ಕಾಕು ನಿಶ್ಚಿಂತೆಯಿಂದ ಇರಲಿ ಎಂದು ಬರೆದಿದ್ದ. ಇನ್ನೊಬ್ಬ, ಕರೆಂಟು ಹೋಗುವ ವೇಳೆಯನ್ನು ಭೂಕಂಪಕ್ಕೆ ಮೊದಲೇ ತಿಳಿಸಿ ಎಂದಿದ್ದ. ಮತ್ತೊಬ್ಬ, ಈ ಕಾಕುವನ್ನು ವಿಜ್ಞಾನಿಗಳ ಮುಖ್ಯಸ್ಥೆ ಮಾಡಿ ಎಂದಿದ್ದ. ಓದುತ್ತ ಓದುತ್ತ ಗುರೂಜಿಯ ತುಟಿ ಅಲುಗಿತು. ನಾನು ಅವರನ್ನು ನೋಡಿದೆ, ಅವರು ತುಟಿ ಹಿಡಿದುಕೊಂಡರು. ಈ ಮಂದಿಗೆ ಹಿತ್ತಲಿನ ತಗಡು ಗೊತ್ತಿಲ್ಲ, ಮಾಕಣಿ ಗೊತ್ತಿಲ್ಲ. ಮಂಡಳಿಗೆ ಗೊತ್ತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಹೋಗಲಿ, ಆಕಳು ತೇಗಿದ್ದಕ್ಕೆ ನಾನೂ ನಕ್ಕಿರಲಿಲ್ಲವೇ? ಯಾವ ಆಕಳ ಕಷ್ಟ ಏನಿತ್ತೋ.

ಕಾಶವ್ವನಿಗೆ ಬೇಜಾರಾದಂತೆ ಕಾಣಲಿಲ್ಲ. “ನಗಲಿ ಬಿಡು. ನಗದವರು ಯಾರೂ ಇಲ್ಲೇನು?” ಎಂದಳು.

ಸಿದ್ರಾಮ ಕೆಳಗೆ, ಇನ್ನೂ ಕೆಳಗೆ ಜಾರಿಸುತ್ತ ಹೋದ. ನಗುವವರೆಲ್ಲ ಮುಗಿದ ಮೇಲೆ, ತಳದಲ್ಲಿ ಒಬ್ಬ ಇದ್ದ.

ಅವನು ಸಮುದ್ರದ ನಡುವಿನ ಯಾವುದೋ ದೇಶದವನು. ಅಲ್ಲಿ ನೆಲ ಅಲುಗುವುದು ನಮ್ಮಲ್ಲಿ ಕರೆಂಟು ಹೋದಷ್ಟೇ ಸಾಮಾನ್ಯವಂತೆ. ಅವನ ಹೆಸರು ನಮ್ಮ ಯಾರ ನಾಲಿಗೆಗೂ ಒಗ್ಗಲಿಲ್ಲ. ಕಾಶವ್ವ ಅವನಿಗೆ ಅಲುಗೂರಪ್ಪ ಎಂದು ಹೆಸರಿಟ್ಟಳು, ಅದೇ ನಿಂತಿತು. ಅಲುಗೂರಪ್ಪ ಬರೆದದ್ದು ಇಷ್ಟು: ಕಾಕುವಿಗೆ ನಮಸ್ಕಾರ ಹೇಳಿ. ಆಕೆಯ ಪ್ರಶ್ನೆ ಸರಿಯಾಗಿದೆ. ಆದರೆ ಕರೆಂಟು ಇದ್ದರೂ ಆ ಯಂತ್ರ ಮೊದಲೇ ಹೇಳುವುದಿಲ್ಲ. ನೆಲ ಅಲುಗಿದ ಮೇಲೆ, ಅಲುಗಿತು ಎಂದು ಹೇಳುತ್ತದೆ. ಯಾವಾಗ ಅಲುಗುತ್ತದೆ ಎಂದು ಮೊದಲೇ ಹೇಳುವವರು ನಮ್ಮ ದೇಶದಲ್ಲೂ ಯಾರೂ ಇಲ್ಲ.

“ನಿಂಗ ಇದು ಗೊತ್ತಿತ್ತೇನು?” ಎಂದು ಸಿದ್ರಾಮನನ್ನು ಕೇಳಿದೆ. ಅವನು ಮೇಜಿನ ಅಂಚು ಕೆರೆಯತೊಡಗಿದ. ಗೊತ್ತಿತ್ತು. ಹೇಗಾದರೂ ಆಕೆ ಒಳಗೆ ಬರಲಿ ಎಂದು ಅದನ್ನು ಮುಚ್ಚಿಟ್ಟಿದ್ದ. ಮುಗಿಯಿತು ಎಂದುಕೊಂಡೆ. ಇನ್ನು ಕಾಶವ್ವ ಒಳಗೆ ಬರುವುದಿಲ್ಲ, ಬೇಸಿಗೆಯನ್ನು ತಗಡಿನ ಕೆಳಗೆ ಕಳೆಯುತ್ತಾಳೆ, ನಾನು ಸೋಲಾಪುರಕ್ಕೆ ಗಾಡಿ ಹೇಳುವ ಕೆಲಸವೂ ಇಲ್ಲ.

ಕಾಶವ್ವ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಮೇಲೆ ಕೇಳಿದಳು, “ಅವರ ಕಡಿ ಮಂದಿ ಎಲ್ಲಿ ಮಲಗ್ತಾರ, ಕೇಳು.”

ಕೇಳಿದ. ಉತ್ತರ ಮರುದಿನ ಬಂತು. ಮನೆಯೊಳಗೇ ಮಲಗುತ್ತೇವೆ, ಹಾಸಿಗೆಯ ಹತ್ತಿರ ಎತ್ತರದ ಕಪಾಟು ಇಡುವುದಿಲ್ಲ, ಬಾಗಿಲಿಗೆ ಏನೂ ಅಡ್ಡ ಇಡುವುದಿಲ್ಲ, ಅಷ್ಟೇ ಎಂದಿದ್ದ.

“ಅಂಜಿಕಿ ಬರಂಗಿಲ್ಲಂತೇನು?”

ಅದನ್ನೂ ಕೇಳಿದ. ಬರುತ್ತದೆ ಎಂದು ಉತ್ತರ ಬಂತು.

ಆ ಒಂದು ಮಾತಿಗೆ ಆಕೆ ಏನು ಕಂಡಳೋ ನನಗೆ ತಿಳಿಯದು. ಅಂಜಿಕೆ ಬರುವುದಿಲ್ಲ ಎಂದು ಬರೆದಿದ್ದರೆ ಆಕೆ ಅವನನ್ನೂ ಇಂಜಿನಿಯರಿನ ಸಾಲಿಗೆ ಸೇರಿಸುತ್ತಿದ್ದಳು ಎಂದಷ್ಟೇ ಊಹಿಸಬಲ್ಲೆ. ಮರುದಿನ ಬೆಳಿಗ್ಗೆ ಆಕೆ ಹಿಂದಿನ ಖೋಲಿಗೆ ಬಂದು ಅಲ್ಲಿದ್ದ ನನ್ನ ತಾಮ್ರದ ಹಂಡೆಗಳನ್ನೆಲ್ಲ ಹೊರಗೆ ಇಟ್ಟಳು. ಬಾಗಿಲಿಗೆ ಅಡ್ಡ ಇದ್ದ ನನ್ನ ತೊಟ್ಟಿಲನ್ನು ಎಳೆದಳು. ನಾನು ನನ್ನ ಸಾಮಾನು ಎಲ್ಲಿ ಇಡಲಿ ಎಂದು ಜಗಳ ತೆಗೆದೆ. ಚೆನ್ನಾಗಿ ಜಗಳವಾಯಿತು. ಆಕೆ ಚಾಪೆ ಹಾಸಿದಳು, ಕಾಲು ಒಳಗೆ, ತಲೆ ಬಾಗಿಲಿಗೆ. ಡಬ್ಬಿಯನ್ನು ಗೂಡಿನಿಂದ ತೆಗೆದು ಸಿದ್ರಾಮನ ಕೈಗೆ ಕೊಟ್ಟು, “ಇದು ನಿನಗಿರಲಿ, ಭಾಳ ಬಡಬಡಸ್ತದ,” ಎಂದಳು. ಕರೆಂಟು ಹೋಯಿತು, ಬಂತು, ಹೋಯಿತು. ಆಕೆ ಏಳಲಿಲ್ಲ. ಬೇಸಿಗೆ ಕಳೆಯಿತು.

ಮಳೆ ಬಿದ್ದ ಮೇಲೆ ಒಂದು ಸಂಜೆ, ಅಲುಗೂರಪ್ಪನ ದೇಶದಲ್ಲಿ ನೆಲ ಅಲುಗಿತೆಂದು ಸಿದ್ರಾಮ ಓದಿದ. ಮಂಡಳಿ ಆ ದಿನ ಚೇಷ್ಟೆ ಮಾಡಲಿಲ್ಲ. ಕಾಶವ್ವ ಒಳಗೆ ಬಂದು ಮೇಜಿನ ಪಕ್ಕದಲ್ಲಿ ನಿಂತು, “ಮನಿ ನೆಟ್ಟಗದೇನು ಅಂತ ಕೇಳು,” ಎಂದಳು. ಎರಡು ದಿನ ಉತ್ತರ ಬರಲಿಲ್ಲ. ಆಕೆ ಊಟ ಮಾಡಿದಳು, ಕೆಲಸ ಮಾಡಿದಳು, ಆದರೆ ಆಗಾಗ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಮೂರನೆಯ ದಿನ ಅಲುಗೂರಪ್ಪನ ಉತ್ತರ ಬಂತು: ಎಲ್ಲರೂ ಚೆನ್ನಾಗಿದ್ದೇವೆ, ಗೋಡೆ ಬಿರುಕು ಬಿಟ್ಟಿದೆ. ಓಡಿ ಬೀದಿಗೆ ಬಂದ ಮೇಲೆ ನೋಡಿದರೆ ನನ್ನ ಕೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಇತ್ತು. ಅದನ್ನು ಯಾಕೆ ತಂದೆನೋ ಗೊತ್ತಿಲ್ಲ, ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದೆ ಎಂದು ಬರೆದಿದ್ದ.

ಸಿದ್ರಾಮ ಓದಿ ಮುಗಿಸಿದ.

“ನಂದು ಸಾಣಗಿ,” ಎಂದಳು ಕಾಶವ್ವ.

“ಏನ್ರೀ?” ಎಂದರು ರೇವಣಯ್ಯನವರು.

“ಸಾಣಗಿರೀ, ಹಿಟ್ಟಿನ ಜರಡಿ. ನನ್ನ ಎಳದು ತಗದಾಗ ಕೈಯಾಗ ಅದೇ ಇತ್ತು. ಬಿಡಸಲಾಕ ಇಬ್ಬರು ಬೇಕಾದ್ರಂತ. ನಸುಕಿನಾಗ ಮಲಗಿದಾಕಿ ನಾ, ಸಾಣಗಿ ಯಾವಾಗ ಹಿಡದ್ನೋ, ಏನ್ ಸಾಣಿಸಬೇಕಂತಿದ್ನೋ!”

ಹೀಗೆ ಹೇಳಿ ಆಕೆ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಆ ನಸುಕಿನ ಬಗ್ಗೆ ಆಕೆಯ ಬಾಯಿಂದ ನಾನು ಕೇಳಿದ್ದು ಇಷ್ಟೇ, ಇದೇ ಮೊದಲು.

ಜಗತ್ತಿನ ಎಲ್ಲ ಸುದ್ದಿಗೂ ನಗುವ ಮೂರು ಗಂಡಸರು ನೆಲ ನೋಡುತ್ತ ಕೂತಿದ್ದರು. ಗುರೂಜಿ ಕನ್ನಡಕ ಒರೆಸಿದರು. ಸಿದ್ರಾಮ ನನ್ನನ್ನು ನೋಡಿದ, ನಗಬೇಕೋ ಬೇಡವೋ ಎಂದು ಕೇಳುವವನಂತೆ. ನನಗೇನು ಗೊತ್ತು? ಆದರೆ ಆಕೆ ಒಬ್ಬಳೇ ನಗುತ್ತಿದ್ದಳು, ಅದು ಸರಿ ಕಾಣಲಿಲ್ಲ.

“ನಗ್ರೋ, ಸುಮ್ಮ ಯಾಕ ಕೂತೀರಿ,” ಎಂದೆ.